ಹುಟ್ಟಿದ ದೇಶಕ್ಕೇ ಡಿಪೋರ್ಟ್ ಆದ್ರೂ ಅಲ್ಲಿ ಹೊಂದ್ಕೊಳ್ಳೋದು ಯಾಕೆ ಕಷ್ಟ?

ಅಮೆರಿಕದಿಂದ ಮೆಕ್ಸಿಕೊಗೆ ಡಿಪೋರ್ಟ್ ಆದ ಒಬ್ಬ ಹುಡುಗೀನ ಉದಾಹರಣೆಗೆ ತಗೊಳ್ಳಿ. ಅವಳು ಅಲ್ಲಿ ಹುಟ್ಟಿದ್ದಷ್ಟೇ, ಬೆಳೆದಿದ್ದೆಲ್ಲಾ ಬೇರೆ ಕಡೆ. ಮೂರ್ನಾಲ್ಕು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ದಾಖಲೆ ಇಲ್ಲದೆ ಮೆಕ್ಸಿಕೊದಿಂದ ಅಮೆರಿಕಕ್ಕೆ ಹೋಗಿ, ಸ್ಕೂಲು ಫ್ರೆಂಡ್ಸು ಮೊದಲನೇ ಕೆಲಸ ಎಲ್ಲಾ ಅಲ್ಲೇ ಆಗಿ, ಇಪ್ಪತ್ತು ದಾಟಿದ್ಮೇಲೆ ವಾಪಸ್ ಕಳಿಸಿದ್ರೆ ಅವಳ ಹತ್ರ ಇರೋದು ಪೌರತ್ವ ಮಾತ್ರ, ಅದನ್ನ ತೋರಿಸೋ ಕಾಗದ ಎಷ್ಟೋ ಸಲ ಇರಲ್ಲ.

ದೊಡ್ಡ ತೊಡಕು ಇದೇ. ಮೆಕ್ಸಿಕೊದಲ್ಲಿ ಕುರ್ಪ್ ಅಂತ 18 ಅಕ್ಷರ-ಅಂಕಿಯ ಗುರುತಿನ ಕೋಡ್ ಇದೆ, ನಮ್ಮ ಆಧಾರ್ ನಂಬರ್ ಥರ, ಕಾಲೇಜು ಕೆಲಸ ಎಲ್ಲದಕ್ಕೂ ಕೇಳ್ತಾರೆ. ಅದಕ್ಕೆ ಜನನ ಪ್ರಮಾಣಪತ್ರ ಬೇಕು, ವೋಟರ್ ಕಾರ್ಡಿಗೆ ವಿಳಾಸದ ಪುರಾವೆ ಬೇಕು, ನಿನ್ನೆ ಮೊನ್ನೆ ಬಂದಿಳಿದವಳು ಕರೆಂಟ್ ಬಿಲ್ ಎಲ್ಲಿಂದ ತರ್ಬೇಕು ಪಾಪ?

ಸ್ಪ್ಯಾನಿಷ್ ಮನೇಲಿ ಮಾತಾಡಿದ್ದಷ್ಟೇ, ಅರ್ಜಿ ಬರೆಯೋಕೆ ಕೂತ್ರೆ ತಡವರಿಸ್ತಾಳೆ, ಬಾಯಿ ಬಿಟ್ರೆ ಹೊರಗಿನವಳು ಅಂತ ನೋಡ್ತಾರೆ. ಹಾಗಾಗಿ ಇಂಥವರು ಬಹಳ ಜನ ಇಂಗ್ಲಿಷ್ ಕಾಲ್ ಸೆಂಟರ್ ಸೇರ್ತಾರೆ, ಮೆಕ್ಸಿಕೊ ಸಿಟೀಲಿ ಕ್ರಾಂತಿ ಸ್ಮಾರಕದ ಸುತ್ತಲಿನ ಏರಿಯಾಗೆ ಲಿಟಲ್ ಎಲ್‌ಎ (ಪುಟ್ಟ ಲಾಸ್ ಏಂಜಲಿಸ್) ಅಂತಾನೇ ಹೆಸರು ಬಿದ್ದಿದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಕ್ರೂರ ಅಂದ್ರೆ, ಅಮೆರಿಕದಲ್ಲೇ ಉಳಿದ, ದಾಖಲೆ ಇಲ್ಲದ ಅಪ್ಪ ಅಮ್ಮ ಮಗಳನ್ನ ನೋಡೋಕೂ ಬರೋ ಹಾಗಿಲ್ಲ, ಯಾಕಂದ್ರೆ 1996ರ ಕಾನೂನಿನ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚು ದಾಖಲೆ ಇಲ್ಲದೆ ಇದ್ದು ಅಮೆರಿಕ ಬಿಟ್ರೆ 10 ವರ್ಷ ಮತ್ತೆ ಒಳಗೆ ಬಿಡಲ್ಲ.