ಓದುಗರ ಪ್ರಶ್ನೆ: ‘ಫ್ರೀಲಾನ್ಸರ್’ ಎಂದು ಬರೆದರೆ ಸಾಕೇ?

ಪ್ರಶ್ನೆ: ಮಂಗಳೂರಿನ ಬಿಜೈಯಲ್ಲಿ ನಮ್ಮ ಡಿಸೈನ್ ಸಂಸ್ಥೆ ಇದೆ. ಹಾಜರಿ ಪುಸ್ತಕದಲ್ಲಿ 18 ಮಂದಿ. ಇನ್ನೂ ಮೂವರು ದಿನವೂ 9.30ಕ್ಕೆ ಬಂದು ನಮ್ಮದೇ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಾರೆ. ಕರಾರಿನಲ್ಲಿ ‘ಫ್ರೀಲಾನ್ಸರ್’ ಎಂದಿದೆ, ತಿಂಗಳಿಗೆ ತಲಾ 28,000 ರೂ. ಕೊಡುತ್ತೇವೆ. ಪಿಎಫ್ (ನೌಕರರ ಭವಿಷ್ಯ ನಿಧಿ) ತಕರಾರು ಬಾರದಂತೆ ಕರಾರು ಹೇಗೆ ಬರೆಯಲಿ?

ಉತ್ತರ: ಕೆಲಸ ಈಗಿನಂತೆಯೇ ನಡೆದರೆ ಯಾವ ಕರಾರೂ ನಿಮ್ಮನ್ನು ಕಾಯದು. ಪಿಎಫ್ ಅಧಿಕಾರಿ ನೋಡುವುದು ಹೆಸರನ್ನಲ್ಲ, ಕೆಲಸ ಮಾಡಿಸುವ ರೀತಿಯನ್ನು. 18ಕ್ಕೆ ಈ ಮೂವರು ಸೇರಿದರೆ 21. ಇಪ್ಪತ್ತು ಮಂದಿಯಾದರೆ ಪಿಎಫ್ ಅನ್ವಯ. ಹಳೆಯ ಬಾಕಿ ಲೆಕ್ಕ ಹಾಕಿದಾಗ ಬಡ್ಡಿ, ದಂಡ ಬರುವುದಲ್ಲದೆ, ಸಂಬಳದಲ್ಲಿ ಹಿಡಿಯದೆ ಬಿಟ್ಟ ನೌಕರರ ಪಾಲನ್ನೂ ಸಾಮಾನ್ಯವಾಗಿ ನೀವೇ ತುಂಬಬೇಕಾಗುತ್ತದೆ.

ತಿಂಗಳ ಲೆಕ್ಕ ಬಿಟ್ಟು ಪೀಸ್ ಲೆಕ್ಕಕ್ಕೆ ಕೊಟ್ಟರಾಯಿತು ಎಂದು ಸಲಹೆ ಕೊಡುವವರಿದ್ದಾರೆ, ನಂಬಬೇಡಿ. 1973ರ ಒಂದು ಪ್ರಕರಣದಲ್ಲಿ ದರ್ಜಿಗಳಿಗೆ ಪೀಸ್ ಲೆಕ್ಕದ ಕೂಲಿಯೇ ಇತ್ತು, ಬಂದು ಹೋಗಲು ಹೊತ್ತುಗೊತ್ತಿನ ಕಟ್ಟು ಇರಲಿಲ್ಲ. ಆದರೂ ಯಂತ್ರ ಅಂಗಡಿಯದು, ಹೊಲಿಗೆ ಸರಿಯಿಲ್ಲದಿದ್ದರೆ ತಿರಸ್ಕರಿಸಿ ಮತ್ತೆ ಹೊಲಿಸುವ ಅಧಿಕಾರವೂ ಅಂಗಡಿಯದು ಎಂದು ಸುಪ್ರೀಂ ಕೋರ್ಟ್ ಅವರನ್ನು ನೌಕರರೆಂದೇ ಪರಿಗಣಿಸಿತು.

ಆ ಮೂವರು ದಿನವೂ ಬೇಕೇಬೇಕು ಎಂದಾದರೆ ನೌಕರರ ಪಟ್ಟಿಗೆ ಸೇರಿಸಿ, ಅದೇ ನ್ಯಾಯ. ಬಿಡಿ ಕೆಲಸವಷ್ಟೇ ಬೇಕಿದ್ದರೆ ಮೊದಲು ನಿಮ್ಮ ಪದ್ಧತಿ ಬದಲಿಸಿ, ಆಮೇಲೆ ಕರಾರು ಬರೆಯಿರಿ. ‘ಡಿಸೈನ್ ಕೆಲಸಗಳು’ ಎಂದು ಬರೆದರೆ ಸಾಲದು. ‘ಒಂದು ಲೋಗೋ, ಮೂರು ಕರಡು, ಎರಡು ಸುತ್ತು ತಿದ್ದುಪಡಿ, 20 ದಿನ, 40% ಮುಂಗಡ, ಉಳಿದದ್ದು ಒಪ್ಪಿಸಿದ ಮೇಲೆ’ ಎಂಬಷ್ಟು ನಿಖರವಾಗಿರಲಿ. ಉಪಕರಣ, ಸಾಫ್ಟ್‌ವೇರ್ ಅವರದೇ. ಬೇರೆ ಗಿರಾಕಿಗಳ ಕೆಲಸ ಹಿಡಿಯಲು, ಬೇಕಾದರೆ ಇನ್ನೊಬ್ಬರಿಂದ ಮಾಡಿಸಲು ಅವರಿಗೆ ಸ್ವಾತಂತ್ರ್ಯವಿರಲಿ. ತಪ್ಪಾದರೆ ತಿದ್ದುವ ಖರ್ಚೂ ಅವರದು. ಇಷ್ಟು ಬರೆದು ಮರುದಿನ ರಜೆ ಅರ್ಜಿ ಕೇಳಿದರೆ ಎಲ್ಲವೂ ನೀರಿನಲ್ಲಿ ಹೋಮ. ಹಾಜರಿ, ಸಂಸ್ಥೆಯ ವಿಸಿಟಿಂಗ್ ಕಾರ್ಡ್, ಹಬ್ಬದ ಬೋನಸ್ ಕೂಡ ಬೇಡ.

ಬಹಳಷ್ಟು ಕರಾರುಗಳಲ್ಲಿ ಬಿಟ್ಟುಹೋಗುವುದು ಕೃತಿಸ್ವಾಮ್ಯ (ಕಾಪಿರೈಟ್). ನೌಕರ ಕೆಲಸದ ಭಾಗವಾಗಿ ಮಾಡಿದ ಲೋಗೋ ಸಾಮಾನ್ಯವಾಗಿ ಸಂಸ್ಥೆಯದು. ಫ್ರೀಲಾನ್ಸರ್ ಮಾಡಿದ್ದು, ಬರವಣಿಗೆಯಲ್ಲಿ ವರ್ಗಾಯಿಸದ ಹೊರತು, ಅವರದೇ. ಅವಧಿ ನಮೂದಿಸದಿದ್ದರೆ ವರ್ಗಾವಣೆಗೆ 5 ವರ್ಷ ಮಾತ್ರ ಆಯಸ್ಸು, ಪ್ರದೇಶ ಹೇಳದಿದ್ದರೆ ಭಾರತಕ್ಕಷ್ಟೇ. ದುಬೈ, ಮಸ್ಕತ್‌ನ ಗಿರಾಕಿಗಳಿರುವ ನಮ್ಮ ಊರಿನ ಸಂಸ್ಥೆಗಳು ಎರಡನ್ನೂ ಸ್ಪಷ್ಟವಾಗಿ ಬರೆದುಕೊಳ್ಳಬೇಕು.

ಪ್ರಶ್ನೆ: ಮಣಿಪಾಲದ ಒಂದೇ ಕಂಪನಿಗೆ ದಿನವಿಡೀ ಕೋಡಿಂಗ್ ಮಾಡುತ್ತೇನೆ. ವೃತ್ತಿ ಶುಲ್ಕಕ್ಕೆ ಹಿಡಿಯುವಂತೆ 10% ಟಿಡಿಎಸ್ (ಹಣ ಕೊಡುವಾಗಲೇ ಕಡಿಯುವ ತೆರಿಗೆ) ಹಿಡಿಯುತ್ತಾರೆ. ಹಾಗಾದರೆ ನಾನು ನೌಕರನಲ್ಲವೇ?

ಉತ್ತರ: ಟಿಡಿಎಸ್ ದರದಿಂದ ಅದು ತೀರ್ಮಾನವಾಗದು. ಮೇಲೆ ಹೇಳಿದ ಅಂಶಗಳೇ ನಿಮಗೂ ಅಳತೆಗೋಲು. ಹಾಜರಿ ಸಂದೇಶ, ರಜೆ ಕೇಳಿದ ಇಮೇಲ್, ಪ್ರತಿ ತಿಂಗಳ ಒಂದೇ ಮೊತ್ತದ ಬ್ಯಾಂಕ್ ಜಮಾ, ಇವನ್ನು ತೆಗೆದಿಟ್ಟುಕೊಳ್ಳಿ; ತಕರಾರು ಬಂದಾಗ ಸಾಕ್ಷಿ ಇವೇ. ನಿಜಕ್ಕೂ ಸ್ವತಂತ್ರರಾಗಿದ್ದರೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಮಾಡಿಸಿ ಇನ್‌ವಾಯ್ಸ್‌ನಲ್ಲಿ ಸಂಖ್ಯೆ ನಮೂದಿಸಿ. ಆಗ ಕರಾರಿನಲ್ಲಿ ಏನೇ ಇದ್ದರೂ ಕಂಪನಿ 45 ದಿನದೊಳಗೆ ಹಣ ಕೊಡಬೇಕು.