ಪಟ್ಟಿ ಮುಗಿದ ಮೇಲೆ ಶುರುವಾಗುವ 2010

ಓದುಗರೊಬ್ಬರ ಪತ್ರದ ಸಾರ: “ಕಳೆದ ಸಂಚಿಕೆಯಲ್ಲಿ 2010ನೇ ಇಸವಿಗೆ ಹತ್ತು ಪುಟ ಕೊಟ್ಟಿದ್ದೀರಿ. ಅದರಲ್ಲಿ ಆರು ಪುಟ ಹೈಟಿ, ಚಿಲಿ ಭೂಕಂಪಗಳಲ್ಲಿ ಕುಸಿದ ಕಟ್ಟಡಗಳ ಕಂಬಿ, ಸಿಮೆಂಟಿಗೇ ಹೋಗಿದೆ. ಫುಟ್‌ಬಾಲ್ ವಿಶ್ವಕಪ್‌ಗೆ ಒಂದೇ ಸಾಲು, ಬುರ್ಜ್ ಖಲೀಫಾಕ್ಕೆ ಅದೂ ಇಲ್ಲ. 2010ರ ಡಿಸೆಂಬರ್‌ನಲ್ಲಿ ನೀವೇ ತಂದ ‘ವರ್ಷದ ಹಿನ್ನೋಟ’ ಇನ್ನೂ ನನ್ನ ಬಳಿ ಇದೆ. ನಾಲ್ಕೇ ಪುಟದಲ್ಲಿ ತಾರೀಖುವಾರು ಎಲ್ಲವೂ ಇತ್ತು. ಪರೀಕ್ಷೆಗೆ ಓದುವ ಮಕ್ಕಳಿಗೆ ಅದೇ ಉಪಯೋಗ. ಮತ್ತೆ ಹಾಗೇ ಮಾಡಬಾರದೇಕೆ?”

ಸಂಪಾದಕರ ಉತ್ತರ:

ಇಷ್ಟು ವರ್ಷ ಒಂದು ಸಂಚಿಕೆಯನ್ನು ಜೋಪಾನವಾಗಿಟ್ಟುಕೊಳ್ಳುವ ಓದುಗರು ಸಿಗುವುದು ಪತ್ರಿಕೆಯ ಭಾಗ್ಯ. ತಾರೀಖು ಬೇಕು ಎಂಬ ನಿಮ್ಮ ಮಾತನ್ನೂ ಒಪ್ಪುತ್ತೇವೆ. ಬುರ್ಜ್ ಖಲೀಫಾ ಉದ್ಘಾಟನೆಯಾದದ್ದು ಜನವರಿ 4ರಂದು. ಜುಲೈ 11ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಇನಿಯೆಸ್ತಾ 116ನೇ ನಿಮಿಷದಲ್ಲಿ ಹೊಡೆದ ಒಂದೇ ಗೋಲಿನಿಂದ ಸ್ಪೇನ್ ಗೆದ್ದಿತು. ಇವಕ್ಕೆ ಜಾಗ ಕೊಡದೆ ಹೋದದ್ದು ನಮ್ಮ ತಪ್ಪು.

ಆದರೆ ಆ ಹಳೆಯ ಪಟ್ಟಿಯೇ ಚೆನ್ನಾಗಿತ್ತು ಎಂಬುದನ್ನು ಒಪ್ಪಲಾರೆವು. ಅದನ್ನು ಇನ್ನೊಮ್ಮೆ ತೆರೆದು ನೋಡಿ. ಜನವರಿ 12, ಹೈಟಿ, ತೀವ್ರತೆ 7.0, ಎರಡು ಲಕ್ಷಕ್ಕೂ ಹೆಚ್ಚು ಸಾವು. ಫೆಬ್ರವರಿ 27, ಚಿಲಿ, ತೀವ್ರತೆ 8.8, ಐನೂರರ ಆಸುಪಾಸು ಸಾವು. ಎರಡು ಸಾಲು ಒಂದರ ಕೆಳಗೊಂದು ಬಂದಿವೆ. ತೀವ್ರತೆಯ ಮಾಪನದಲ್ಲಿ ಒಂದು ಅಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ; 1.8 ಏರಿದರೆ ಸುಮಾರು 500 ಪಟ್ಟು. ಐನೂರು ಪಟ್ಟು ದೊಡ್ಡ ಕಂಪನದಲ್ಲಿ ಸತ್ತವರು ಅಷ್ಟು ಕಡಿಮೆ ಏಕೆ ಎಂದು ಆ ಪಟ್ಟಿ ಕೇಳಲೇ ಇಲ್ಲ. ಸಾವಿನ ಲೆಕ್ಕವಾದರೂ ನಿಂತಿತೇ? ಹೈಟಿ ಸರ್ಕಾರ ಅದನ್ನು ಮರುವರ್ಷ 3 ಲಕ್ಷ 16 ಸಾವಿರಕ್ಕೆ ಏರಿಸಿತು. ಬೇರೆ ಅಂದಾಜುಗಳು ಒಂದು ಲಕ್ಷದ ಆಸುಪಾಸಿಗೆ ಇಳಿಸಿದವು.

ದೂರವೂ ಒಂದು ಕಾರಣ, ನಿಜ. ಹೈಟಿಯಲ್ಲಿ ಕಂಪನದ ಕೇಂದ್ರ ರಾಜಧಾನಿ ಪೋರ್ಟ್-ಔ-ಪ್ರಿನ್ಸ್‌ನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ, ನೆಲದಡಿ ಹೆಚ್ಚು ಆಳವಿಲ್ಲದ ಕಡೆ ಇತ್ತು. ಚಿಲಿಯದು ಕಡಲಿನಡಿ. ಆದರೂ ಹೆಚ್ಚಿನ ಜನರನ್ನು ಕೊಂದದ್ದು ಕಟ್ಟಡಗಳೇ. ನೀವು ಬೇಸರಪಟ್ಟ ಆ ಕಂಬಿಯ ವಿಷಯಕ್ಕೆ ಅದಕ್ಕಾಗಿಯೇ ಮತ್ತೆ ಬರುತ್ತೇವೆ.

ಒಂದು ಪಿಲ್ಲರನ್ನು ಕಣ್ಣೆದುರು ತಂದುಕೊಳ್ಳಿ. ನಿಂತ ಕಂಬಿಗಳ ಸುತ್ತ ಅಡ್ಡಲಾಗಿ ರಿಂಗು ಕಟ್ಟಿರುತ್ತಾರೆ. ನೆಲ ನಡುಗಿದಾಗ ಮೊದಲು ಉದುರುವುದು ರಿಂಗಿನ ಹೊರಗಿನ ಎರಡು ಬೆರಳು ದಪ್ಪದ ಕಾಂಕ್ರೀಟು. ಆಮೇಲೆ ಒಳಗಿನ ಕಾಂಕ್ರೀಟು ಪುಡಿಯಾಗಿ ಚೆಲ್ಲದಂತೆ, ನಿಂತ ಕಂಬಿಗಳು ಹೊರಕ್ಕೆ ಬಾಗದಂತೆ ಹಿಡಿದಿಡುವುದು ರಿಂಗು ಮಾತ್ರ. ರಿಂಗಿನ ತುದಿಯನ್ನು 90 ಡಿಗ್ರಿಗೆ ಮಡಚಿದ್ದರೆ ಅದಕ್ಕೆ ಆಸರೆಯಾಗಿದ್ದದ್ದು ಆ ಹೊರಗಿನ ಕಾಂಕ್ರೀಟೇ. ಅದು ಉದುರಿದ ಕೂಡಲೇ ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ತುದಿಯನ್ನು 135 ಡಿಗ್ರಿಗೆ ಮಡಚಿ, ಕಂಬಿಯ ದಪ್ಪದ ಆರು ಪಟ್ಟಾದರೂ ಬಾಲ ಬಿಟ್ಟು ಪಿಲ್ಲರಿನ ಹೊಟ್ಟೆಯೊಳಕ್ಕೆ ಹೋಗುವಂತೆ ಮಾಡಿದರೆ ಬಿಚ್ಚುವುದಿಲ್ಲ. ಪಿಲ್ಲರಿನ ತಲೆ ಮತ್ತು ಬುಡದ ಹತ್ತಿರ ರಿಂಗುಗಳು ಒತ್ತೊತ್ತಾಗಿರಬೇಕು, ಏಕೆಂದರೆ ಮುರಿಯುವುದು ಅಲ್ಲೇ.

ಹೈಟಿಯ ಅವಶೇಷಗಳಲ್ಲಿ ಪರಿಣತರು ಕಂಡದ್ದು ಗೀರುಗಳಿಲ್ಲದ ನುಣುಪು ಕಂಬಿ, ದೂರ ದೂರ ಕಟ್ಟಿದ ತೆಳು ರಿಂಗು, ಸಿಮೆಂಟು ಉಳಿಸಿ ಮಾಡಿದ ಪೊಳ್ಳು ಬ್ಲಾಕು. ಕಾಂಕ್ರೀಟು ಸಲೀಸಾಗಿ ಹರಿಯಲೆಂದು ನೀರು ಹೆಚ್ಚು ಬೆರೆಸಿದರೆ, ಆ ನೀರು ಆರಿಹೋದ ಜಾಗವೆಲ್ಲ ಸಣ್ಣ ತೂತುಗಳಾಗಿ ಉಳಿದು ಬಲ ಇಳಿಯುತ್ತದೆ. ಇಂಥ ಗೋಡೆಗಳ ಮೇಲೆ ಚಂಡಮಾರುತಕ್ಕೆ ಹಾರಿಹೋಗದಿರಲೆಂದು ಹಾಕಿದ ಭಾರದ ತಾರಸಿ. ಅಲ್ಲಿನವರು ಬಲ್ಲ ಶತ್ರು ಗಾಳಿ. ರಾಜಧಾನಿಯನ್ನು ಹಾಗೆ ನೆಲಸಮ ಮಾಡಿದ ಹಿಂದಿನ ಭೂಕಂಪ 1770ರದು; ಅದರ ನೆನಪು ಯಾರಿಗೂ ಉಳಿದಿರಲಿಲ್ಲ. ಆ ಬಡವರನ್ನು ದೂರುವುದು ನ್ಯಾಯವಲ್ಲ. ಜಾರಿ ಮಾಡುವವರಿದ್ದ ಕಟ್ಟಡ ನಿಯಮವೇ ಅಲ್ಲಿರಲಿಲ್ಲ.

ಚಿಲಿಗೆ 1960ರ 9.5 ತೀವ್ರತೆಯ ಕಂಪನದ ನೆನಪು ಹಸಿಯಾಗಿತ್ತು. ಅಲ್ಲಿನ ಕಾನೂನಿನ ಪ್ರಕಾರ ಕಟ್ಟಡದ ಭಾರ ಹೊರುವ ಭಾಗಗಳಲ್ಲಿ ದೋಷ ಕಂಡರೆ ಮೊದಲು ಮಾರಿದವರೇ ಹತ್ತು ವರ್ಷ ಹೊಣೆ. ಈ ಒಂದು ಷರತ್ತು ಎಷ್ಟೋ ಕಡೆ ಮೇಲ್ವಿಚಾರಕನ ಕೆಲಸ ಮಾಡಿದೆ. ಹಾಗೆಂದು ಚಿಲಿಯನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕಿಲ್ಲ. ಕನ್ಸೆಪ್ಸಿಯೊನ್‌ನಲ್ಲಿ ಹೊಸದಾಗಿ ಕಟ್ಟಿದ್ದ 15 ಅಂತಸ್ತಿನ ಆಲ್ತೊ ರಿಯೊ ಬುಡಸಮೇತ ಮಗುಚಿ 8 ಜನ ಸತ್ತರು. ಸುನಾಮಿ ಎಚ್ಚರಿಕೆಯನ್ನು ಅವಸರದಲ್ಲಿ ಹಿಂತೆಗೆದುಕೊಂಡದ್ದರಿಂದಲೂ ಕರಾವಳಿಯಲ್ಲಿ ಜೀವಗಳು ಹೋದವು. ಅಲ್ಲಿನ ಹೊಸ ಎತ್ತರದ ಕಟ್ಟಡಗಳ ತೆಳು ಗೋಡೆಗಳ ಅಂಚನ್ನು ಪರಿಶೀಲಿಸಿದಾಗ ಸಿಕ್ಕಿದ್ದೇನು ಗೊತ್ತೇ? ಬಿಚ್ಚಿಕೊಂಡ ಅದೇ 90 ಡಿಗ್ರಿ ಕೊಕ್ಕೆ. ಮರುವರ್ಷವೇ ಅವರು ನಿಯಮ ಬಿಗಿ ಮಾಡಿದರು.

ಆ “ಮರುವರ್ಷ” ಎಂಬ ಮಾತನ್ನು ಗಮನಿಸಿ. ನಮ್ಮ ಹಟವೆಲ್ಲ ಇರುವುದು ಅಲ್ಲೇ. 2010ರಲ್ಲಿ ನಡೆದದ್ದರ ಕಾರಣ 2010ರೊಳಗೆ ಸಿಗಲಿಲ್ಲ.

ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ತೈಲ ದುರಂತವನ್ನೇ ತೆಗೆದುಕೊಳ್ಳಿ. ಏಪ್ರಿಲ್ 20ರಂದು ಸ್ಫೋಟ, 11 ಸಾವು, 87 ದಿನ ಎಣ್ಣೆ ಸೋರಿಕೆ. ಹಳೆಯ ಪಟ್ಟಿ ಇಷ್ಟನ್ನೇ ಹೇಳಿತ್ತು. ತನಿಖಾ ಆಯೋಗದ ವರದಿ ಬಂದದ್ದು 2011ರ ಜನವರಿಯಲ್ಲಿ. ಸ್ಫೋಟಕ್ಕೆ ಕೆಲವೇ ಗಂಟೆ ಮುಂಚೆ, ಬಾವಿಯ ತಳಕ್ಕೆ ಹಾಕಿದ ಸಿಮೆಂಟು ಹಿಡಿದಿದೆಯೇ ಎಂದು ನೋಡಲು ಮೇಲಿನ ಒತ್ತಡ ಇಳಿಸಿ ಪರೀಕ್ಷೆ ಮಾಡಿದ್ದರು. ಸಿಮೆಂಟು ಗಟ್ಟಿಯಿದ್ದರೆ ಮಾಪಕ ಸೊನ್ನೆಯಲ್ಲೇ ನಿಲ್ಲಬೇಕು. ಕೊರೆಯುವ ಕೊಳವೆಯಲ್ಲಿ 1,400 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕ) ಒತ್ತಡ ಕಾಣುತ್ತಿತ್ತು. ಪಕ್ಕದ ಇನ್ನೊಂದು ಕೊಳವೆಯಲ್ಲಿ ಏನೂ ಹರಿಯದ್ದನ್ನು ಹಿಡಿದುಕೊಂಡು, 1,400ಕ್ಕೆ ಏನೋ ಒಂದು ವಿವರಣೆ ಕೊಟ್ಟುಕೊಂಡು, ಪರೀಕ್ಷೆ ಪಾಸಾಯಿತು ಎಂದು ಬರೆದರು. ಮಕ್ಕಳು ಉರು ಹೊಡೆಯಲೇಬೇಕಾದ ಒಂದು ಅಂಕಿ ಆ ವರ್ಷದಲ್ಲಿದ್ದರೆ ಅದು ಈ 1,400.

ಹೈಟಿಯ ಕಾಲರಾ ಇನ್ನೂ ನೋವಿನ ವಿಷಯ. ಅಕ್ಟೋಬರ್‌ನಲ್ಲಿ ಶುರುವಾದ ಆ ರೋಗಕ್ಕೆ ಹಳೆಯ ಪಟ್ಟಿ “ಭೂಕಂಪದ ಬೆನ್ನಿಗೆ ಕಾಲರಾ” ಎಂದು ಬರೆದು ಮುಗಿಸಿತ್ತು. ಭೂಕಂಪದಿಂದ ಕಾಲರಾ ಹುಟ್ಟುವುದಿಲ್ಲ. ಮಿರೆಬಲೆ ಬಳಿಯ ವಿಶ್ವಸಂಸ್ಥೆ ಶಾಂತಿಪಾಲಕರ ಶಿಬಿರದ ಮಲ ಆರ್ತಿಬೊನಿತ್ ನದಿಗೆ ಸೇರುವ ಹಳ್ಳಕ್ಕೆ ಹರಿದಿತ್ತು. ಅದೇ ನೀರನ್ನು ಜನ ಕುಡಿದಿದ್ದರು. ಒಂದು ಲೀಟರ್ ಶುದ್ಧ ನೀರು, ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಕಾಲಕ್ಕೆ ಸಿಕ್ಕರೆ ಹೆಚ್ಚಿನವರು ಉಳಿಯುವ ರೋಗ ಅದು. ಆ ಶುದ್ಧ ನೀರೇ ಅಲ್ಲಿರಲಿಲ್ಲ. ಹತ್ತು ಸಾವಿರದ ಹತ್ತಿರ ಜನ ತೀರಿಕೊಂಡರು. ತನ್ನ ಪಾತ್ರವನ್ನು ವಿಶ್ವಸಂಸ್ಥೆ ಒಪ್ಪಿಕೊಂಡದ್ದು 2016ರಲ್ಲಿ.

ಪತ್ರಿಕೆಗಳ ಮೇಲಿನ ನಮ್ಮ ಸಿಟ್ಟು ಇಲ್ಲಿಂದಲೇ, ಅದರಲ್ಲಿ ನಾವೂ ಸೇರಿದ್ದೇವೆ. ಹೊಗೆ ಏಳುವಾಗ ಮುಖಪುಟ, ವರದಿ ಬಂದಾಗ ಒಳಪುಟದ ಮೂಲೆ. ಅಕ್ಟೋಬರ್ 13ರಂದು ಚಿಲಿಯ ಸಾನ್ ಹೊಸೆ ಗಣಿಯಿಂದ 33 ಕಾರ್ಮಿಕರು 69 ದಿನಗಳ ನಂತರ ಒಬ್ಬೊಬ್ಬರಾಗಿ ಮೇಲೆ ಬಂದದ್ದನ್ನು ಜಗತ್ತೆಲ್ಲ ನೋಡಿತು. ಅವರನ್ನು ಎತ್ತಿದ ಫೀನಿಕ್ಸ್ ಪಂಜರದ ಅಗಲ 54 ಸೆಂಟಿಮೀಟರ್, ಕೊರೆದ ಬಿಲ 66 ಸೆಂಟಿಮೀಟರ್. ಇದನ್ನು ಎಲ್ಲರೂ ಬರೆದರು, ನಾವೂ ಬರೆದೆವು. ಕುಸಿತದ ದಿನ ಗಾಳಿಗಂಡಿಯೊಳಗೆ ಹತ್ತಿ ಪಾರಾಗಲು ಹೊರಟವರಿಗೆ ಏಣಿ ಪೂರ್ತಿ ಇರಲಿಲ್ಲ ಎಂಬುದಕ್ಕೆ ಎಷ್ಟು ಜಾಗ ಸಿಕ್ಕಿತು? ಏಣಿಯಿದ್ದಿದ್ದರೆ ಆ ಪಂಜರವೇ ಬೇಕಾಗುತ್ತಿರಲಿಲ್ಲವೇನೋ.

ಪರೀಕ್ಷೆಯ ಮಕ್ಕಳ ಮಾತು ಹೇಳಿದಿರಿ. ಅವರಿಗಾಗಿ ಮುಂದಿನ ಸಂಚಿಕೆಯಲ್ಲಿ 2010ರ ತಾರೀಖುಪಟ್ಟಿ ಹಾಕುತ್ತೇವೆ, ನಾಲ್ಕೇ ಪುಟದಲ್ಲಿ. ಘಟನೆಯ ದಿನದ ಪಕ್ಕದಲ್ಲಿ ಇನ್ನೊಂದು ಕಾಲಂ ಇರುತ್ತದೆ: ಕಾರಣ ಹೊರಬಂದ ದಿನ. ಅಷ್ಟರೊಳಗೆ ನಿಮ್ಮ ಬಳಿಯ ಹಳೆಯ ಸಂಚಿಕೆಯ ಕೊನೆಯ ಪುಟ ನೋಡಿ. ಅದು ಅಚ್ಚಿಗೆ ಹೋದ ಮೇಲೆ, ಡಿಸೆಂಬರ್ 17ರಂದು, ಟ್ಯುನೀಷಿಯಾದ ಸಿದಿ ಬೂಜಿದ್‌ನಲ್ಲಿ ತಳ್ಳುಗಾಡಿಯ ವ್ಯಾಪಾರಿ ಮೊಹಮ್ಮದ್ ಬೌಅಜೀಜಿ ಮೈಗೆ ಬೆಂಕಿ ಹಚ್ಚಿಕೊಂಡ. ಅದರಿಂದ ಭುಗಿಲೆದ್ದ ಜನರ ಪ್ರತಿಭಟನೆಗೆ ಮಣಿದು ಜನವರಿ 14ಕ್ಕೆ ಆ ದೇಶದ ಅಧ್ಯಕ್ಷ ಬೆನ್ ಅಲಿ ಓಡಿಹೋದ. ಆ ಸಾಲು ಅಲ್ಲಿಲ್ಲ. ದಯವಿಟ್ಟು ಪೆನ್ನಿನಲ್ಲಿ ಸೇರಿಸಿಕೊಳ್ಳಿ.