ಪ್ರಶ್ನೋತ್ತರ: ಚಿಕ್ಕ ಸಂಸಾರಕ್ಕೊಂದು ಸೆಕೆಂಡ್ ಹ್ಯಾಂಡ್ ಕಾರು

ಪ್ರಶ್ನೆ: ನಾವು ಗಂಡ ಹೆಂಡತಿ, ನಾಲ್ಕು ವರ್ಷದ ಮಗಳು ಮತ್ತು ಎಂಟು ತಿಂಗಳ ಮಗ. ಮೊದಲ ಬಾರಿಗೆ ಕಾರು ಕೊಳ್ಳುತ್ತಿದ್ದೇವೆ. ಕೂಡಿಟ್ಟ ಹಣದಲ್ಲಿ ಹೊಸ ಕಾರು ಬರುವುದಿಲ್ಲ, ಸಾಲ ಮಾಡುವ ಮನಸ್ಸೂ ಇಲ್ಲ. ದಿನಕ್ಕೆ ಸುಮಾರು 20 ಕಿ.ಮೀ. ಓಡಾಟ, ಅದೂ ನಾಲ್ಕೈದು ಕಿ.ಮೀ.ಗಳ ತುಂಡು ಪ್ರಯಾಣಗಳು. ಎರಡು ಕಾರುಗಳನ್ನು ನೋಡಿಟ್ಟಿದ್ದೇವೆ. ಮೊದಲನೆಯದು ಆರು ವರ್ಷ ಹಳೆಯ 1.2 ಲೀಟರ್ ಪೆಟ್ರೋಲ್ ಕಾರು, 72,000 ಕಿ.ಮೀ. ಓಡಿದೆ, ಒಬ್ಬರದೇ ಕೈಯಲ್ಲಿತ್ತು, ಸರ್ವಿಸ್ ಮಾಡಿಸಿದ ಬಿಲ್ಲುಗಳೆಲ್ಲ ಇವೆ, ಮೈಲೇಜ್ ಲೀಟರಿಗೆ 16 ಎನ್ನುತ್ತಾರೆ. ಎರಡನೆಯದು ಒಂಬತ್ತು ವರ್ಷದ ಡೀಸೆಲ್ ಕಾರು. ಬೆಲೆ ಸಾಕಷ್ಟು ಕಡಿಮೆ, 54,000 ಕಿ.ಮೀ. ಮಾತ್ರ ಓಡಿದೆಯಂತೆ, ಮೈಲೇಜ್ 20, ಆದರೆ ಬಿಲ್ಲುಗಳು ಕಳೆದುಹೋಗಿವೆ. ಬಂಧುಗಳೆಲ್ಲ ಎರಡನೆಯದನ್ನೇ ಕೊಳ್ಳಿ ಎನ್ನುತ್ತಿದ್ದಾರೆ. ತಾವೇನು ಹೇಳುತ್ತೀರಿ?

ಉತ್ತರ: ಪೆಟ್ರೋಲ್ ಕಾರನ್ನು ಕೊಳ್ಳಿ, ಆದರೆ ಅದನ್ನೂ ಮುಂದೆ ಹೇಳುವ ಪರೀಕ್ಷೆಗಳಿಗೆ ಒಡ್ಡದೆ ಮುಂಗಡ ಕೊಡಬೇಡಿ. ಬಂಧುಗಳ ಮಾತನ್ನು ತಳ್ಳಿಹಾಕಲು ನೀವು ಕೊಟ್ಟಿರುವ ಅಂಕಿಗಳೇ ಸಾಕು. ನಿಮ್ಮ ಓಡಾಟ ವರ್ಷಕ್ಕೆ ಸುಮಾರು 7,000 ಕಿ.ಮೀ. ಪೆಟ್ರೋಲ್ ಕಾರು ಇದಕ್ಕೆ ಸುಮಾರು 437 ಲೀಟರ್ ಕುಡಿಯುತ್ತದೆ, ಡೀಸೆಲ್ ಕಾರು 350 ಲೀಟರ್. ತಿಂಗಳಿಗೆ ಏಳೆಂಟು ಲೀಟರಿನ ಈ ಉಳಿತಾಯ ನಿಜವೇ ಆದರೂ, ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಇಂಧನವನ್ನು ಚಿಮ್ಮಿಸುವ ಒಂದು ಇಂಜೆಕ್ಟರ್ ಕೈಕೊಟ್ಟರೆ ಹಲವು ತಿಂಗಳುಗಳ ಉಳಿತಾಯವನ್ನು ಅದೊಂದೇ ನುಂಗಿಬಿಡುತ್ತದೆ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಅಥವಾ ಅಧಿಕ ಒತ್ತಡದ ಇಂಧನ ಪಂಪ್ ಕೆಟ್ಟರಂತೂ ಲೆಕ್ಕ ಹಾಕುವುದೇ ಬೇಡ.

ಮೈಲೇಜ್ ಎಂಬ ಅಂಕಿಗೆ ನಾವು ಕೊಡುವ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು. ಲೀಟರಿಗೆ 10 ಕಿ.ಮೀ. ಕೊಡುವ ಕಾರನ್ನು ಬಿಟ್ಟು 12.5 ಕೊಡುವುದನ್ನು ಕೊಂಡರೆ ನೂರು ಕಿ.ಮೀ.ಗೆ ಎರಡು ಲೀಟರ್ ಉಳಿಯುತ್ತದೆ. 20 ಕೊಡುವುದನ್ನು ಬಿಟ್ಟು 25 ಕೊಡುವುದನ್ನು ಕೊಂಡರೆ ಉಳಿಯುವುದು ಒಂದೇ ಲೀಟರ್. ಅಂದರೆ ಅಂಕಿ ದೊಡ್ಡದಾದಷ್ಟೂ ಅದರ ಹಿಂದೆ ಓಡುವುದರಿಂದ ಸಿಗುವ ಲಾಭ ಕಿರಿದಾಗುತ್ತಾ ಹೋಗುತ್ತದೆ. ಚಿಕ್ಕ ಕಾರುಗಳೆಲ್ಲ ಹೇಗೂ ಮಿತವ್ಯಯದವೇ ಆಗಿರುವುದರಿಂದ, ಎರಡು ಚಿಕ್ಕ ಕಾರುಗಳ ನಡುವೆ ನಿಜವಾದ ಖರ್ಚಿನ ವ್ಯತ್ಯಾಸವನ್ನು ಹುಟ್ಟಿಸುವುದು ರಿಪೇರಿಯೇ ಹೊರತು ಇಂಧನವಲ್ಲ.

ನಿಮ್ಮಂಥವರಿಗೆ ಡೀಸೆಲ್ ಬೇಡವೆನ್ನಲು ಇನ್ನೊಂದು ಕಾರಣವಿದೆ. ಈಚಿನ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿಯನ್ನು ತಡೆಹಿಡಿಯುವ ಫಿಲ್ಟರ್ ಒಂದಿರುತ್ತದೆ. ಹಿಡಿದ ಮಸಿಯನ್ನು ಆಗಾಗ ಸುಟ್ಟು ತನ್ನನ್ನು ತಾನೇ ಶುದ್ಧಮಾಡಿಕೊಳ್ಳಲು ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಆ ಶಾಖ ಬರಲು ಒಂದಷ್ಟು ಹೊತ್ತು ಬಿಡದೆ ವೇಗವಾಗಿ ಓಡಬೇಕು. ನಾಲ್ಕು ಕಿ.ಮೀ. ಓಡಿ ನಿಲ್ಲುವ ಕಾರಿನಲ್ಲಿ ಎಂಜಿನ್ ಬೆಚ್ಚಗಾಗುವುದರೊಳಗೆ ಪ್ರಯಾಣವೇ ಮುಗಿದಿರುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ನೀವು ನೋಡಿರುವ ಕಾರಿನಲ್ಲಿ ಈ ಫಿಲ್ಟರ್ ಇದೆಯೋ ಇಲ್ಲವೋ ಮಾರುವವರನ್ನೇ ಕೇಳಿ. ಇದ್ದು, ಅದನ್ನು ಯಾರೋ ಕಿತ್ತುಹಾಕಿದ್ದರೆ ಅದು ಇನ್ನೂ ದೊಡ್ಡ ತೊಂದರೆ.

ಇನ್ನು ಆ 54,000 ಎಂಬ ಅಂಕಿ. ವರ್ಷಕ್ಕೆ 6,000 ಕಿ.ಮೀ. ಓಡಿಸುವವರು ಇದ್ದಾರೆ, ಇಲ್ಲವೆಂದಲ್ಲ. ಆದರೆ ಬಿಲ್ಲಿಲ್ಲದ ಕಿಲೋಮೀಟರು ಬರೀ ಬಾಯಿಮಾತು. ಮೀಟರನ್ನು ಹಿಂದಕ್ಕೆ ತಿರುಗಿಸುವುದು ಎಲೆಕ್ಟ್ರಾನಿಕ್ ಮೀಟರ್ ಬಂದ ಮೇಲೆ ನಿಂತಿಲ್ಲ, ಸುಲಭವಾಗಿದೆ. ತಿದ್ದಲಾಗದ್ದು ಸವೆತ. ಬ್ರೇಕ್ ಪೆಡಲಿನ ರಬ್ಬರು ಸವೆದು ನುಣುಪಾಗಿದೆಯೇ, ಸ್ಟಿಯರಿಂಗ್ ಚಕ್ರದ ಮೇಲ್ಮೈ ಕೈಹಿಡಿಯುವ ಜಾಗದಲ್ಲಿ ಹೊಳೆಯುತ್ತಿದೆಯೇ, ಚಾಲಕನ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದೆಯೇ, ಇವನ್ನು ನೋಡಿದರೆ ಕಾರು ಎಷ್ಟು ದುಡಿದಿದೆ ಎಂಬುದು ತಿಳಿಯುತ್ತದೆ. ಪೆಡಲಿನ ರಬ್ಬರು ಮಾತ್ರ ಹೊಚ್ಚ ಹೊಸದಾಗಿದ್ದರೆ ಅದು ಇನ್ನಷ್ಟು ಅನುಮಾನಕ್ಕೆ ಎಡೆಮಾಡುತ್ತದೆ.

ಪೆಟ್ರೋಲ್ ಕಾರನ್ನು ನೋಡಲು ಹಗಲಿನಲ್ಲಿ, ಮಳೆ ಇಲ್ಲದಾಗ ಹೋಗಿ, ಮತ್ತು ನೀವು ಬರುವವರೆಗೆ ಎಂಜಿನ್ ಶುರುಮಾಡಬಾರದೆಂದು ಮೊದಲೇ ಹೇಳಿ. ಹೋದೊಡನೆ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ. ಒಮ್ಮೆ ನಾನೇ ಇದನ್ನು ಮಾಡದೆ, ಬೆಚ್ಚಗಿದ್ದ ಎಂಜಿನ್ನಿನ ಮೃದುವಾದ ಸದ್ದಿಗೆ ಮನಸೋತು ಹಣ ಕೊಟ್ಟು ಬಂದು, ಮರುದಿನ ಬೆಳಿಗ್ಗೆ ಹಿಂದೆ ಎದ್ದ ನೀಲಿ ಹೊಗೆಯನ್ನು ನೋಡುತ್ತಾ ನಿಂತಿದ್ದೆ. ತಣ್ಣಗಿರುವ ಎಂಜಿನ್ ಶುರುವಾದಾಗ ಬರುವ ನೀಲಿ ಹೊಗೆ ಎಂದರೆ ಎಣ್ಣೆ ಸುಡುತ್ತಿದೆ ಎಂದರ್ಥ. ಕಪ್ಪು ಹೊಗೆ ಎಂದರೆ ಇಂಧನ ಪೂರ್ತಿ ಸುಡುತ್ತಿಲ್ಲ. ಬಿಳಿ ಆವಿ ಚಳಿಯಲ್ಲಿ ಸಹಜ; ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಿದ್ದು, ಎಂಜಿನ್ನನ್ನು ತಂಪಾಗಿಡುವ ದ್ರವದ, ಅಂದರೆ ಕೂಲೆಂಟಿನ, ಡಬ್ಬಿಯ ಮಟ್ಟವೂ ಇಳಿದಿದ್ದರೆ ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್, ಎಂದರೆ ಎಂಜಿನ್ನಿನ ಮೇಲ್ಭಾಗದ ಸಂದನ್ನು ಮುಚ್ಚುವ ಹಾಳೆ, ಹೋಗಿರುವ ಸಂಭವವಿದೆ. ಎಣ್ಣೆ ಮುಚ್ಚಳದ ಒಳಗೆ ಬೆಣ್ಣೆಯಂಥ ಪದಾರ್ಥ ಕಂಡರೆ ಕೂಲೆಂಟ್ ಎಣ್ಣೆಗೆ ಸೇರಿದೆಯೆಂದು ಅನೇಕರು ಹೌಹಾರುತ್ತಾರೆ, ಆದರೆ ಬರೀ ಚಿಕ್ಕ ಪ್ರಯಾಣಗಳಿಗೆ ಬಳಸಿದ ಕಾರಿನಲ್ಲಿ ನೀರಾವಿ ಸೇರಿಯೂ ಅದು ಆಗುತ್ತದೆ. ಅದೊಂದನ್ನೇ ಹಿಡಿದು ತೀರ್ಪು ಕೊಡಬೇಡಿ.

ಬಿಲ್ಲುಗಳಿವೆ ಎಂದಿದ್ದೀರಿ, ಅವುಗಳಲ್ಲಿ ಮೊದಲು ಹುಡುಕಬೇಕಾದದ್ದು ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ನುಗಳ ಓಟಕ್ಕೆ ಸರಿಯಾಗಿ ವಾಲ್ವುಗಳನ್ನು ತೆರೆದು ಮುಚ್ಚಿಸುವ ಪಟ್ಟಿ. ಕೆಲವು ಎಂಜಿನ್ನುಗಳಲ್ಲಿ ಬೆಲ್ಟಿನ ಬದಲು ಚೈನ್ ಇರುತ್ತದೆ, ಅದಕ್ಕೆ ನಿಗದಿತ ಬದಲಾವಣೆಯ ಅವಧಿ ಸಾಮಾನ್ಯವಾಗಿ ಇರುವುದಿಲ್ಲ. ಬೆಲ್ಟ್ ಇದ್ದರೆ, ತಯಾರಕರ ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರು ಅಥವಾ ವರ್ಷ, ಯಾವುದು ಮೊದಲು ಮುಗಿಯುತ್ತದೋ ಅಷ್ಟರೊಳಗೆ ಬದಲಿಸಿರಬೇಕು. ಅದು ಓಡುತ್ತಿರುವಾಗ ಹರಿದರೆ ಹೆಚ್ಚಿನ ಎಂಜಿನ್ನುಗಳಲ್ಲಿ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು, ಒಂದೇ ಕ್ಷಣದಲ್ಲಿ ಎಂಜಿನ್ ಹಾಳಾಗುತ್ತದೆ. ಬದಲಿಸಿದ ಬಿಲ್ಲಿಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿದು, ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದ ಟೈರು. ಕಚ್ಚು ಎಷ್ಟೇ ಆಳವಿದ್ದರೂ ಹತ್ತು ವರ್ಷ ದಾಟಿದ ರಬ್ಬರನ್ನು ನಂಬಬಾರದು. ಟೈರಿನ ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿಟ್ಟು ಓಡಿಸಿದ್ದಾರೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಸಸ್ಪೆನ್ಷನ್ ಸರಿಯಿಲ್ಲ. ನಾಲ್ಕು ಚಕ್ರಗಳಿಗೆ ನಾಲ್ಕು ಬಗೆಯ ಅಗ್ಗದ ಟೈರುಗಳಿದ್ದರೆ ಮಾಲೀಕರ ಸ್ವಭಾವವೂ ಅಲ್ಲೇ ಬರೆದಿದೆ ಎನ್ನಿ: ಕಣ್ಣಿಗೆ ಕಾಣುವ ಟೈರಿಗೇ ಹಣ ಹಾಕದವರು ಕಾಣದ ಎಂಜಿನ್ ಎಣ್ಣೆಗೆ ಹಾಕಿರುವರೆಂದು ನಾನಂತೂ ನಂಬುವುದಿಲ್ಲ.

ಮಕ್ಕಳ ವಿಚಾರ ಎಲ್ಲಕ್ಕಿಂತ ಮುಖ್ಯವಾದರೂ ಪತ್ರದಲ್ಲಿ ನೀವು ಅದನ್ನು ಕೇಳಿಯೇ ಇಲ್ಲ. ಕಾರು ನೋಡಲು ಹೋಗುವಾಗ ಮಗುವಿನ ಸೀಟು, ಮಗಳ ಸೀಟು, ತಳ್ಳುಗಾಡಿ ಮೂರನ್ನೂ ಒಯ್ಯಿರಿ. ಹಿಂಬದಿ ಸೀಟಿನ ಒರಗು ಮತ್ತು ಕೂರುವ ಭಾಗ ಸೇರುವ ಸಂದಿನಲ್ಲಿ, 28 ಸೆಂ.ಮೀ. ಅಂತರದಲ್ಲಿ ಎರಡು ಲೋಹದ ಕೊಂಡಿಗಳಿವೆಯೇ ಎಂದು ಬೆರಳಾಡಿಸಿ ನೋಡಿ; ಮಕ್ಕಳ ಸೀಟನ್ನು ನೇರವಾಗಿ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು ಇವೇ. ಇವು ಇಲ್ಲದಿದ್ದರೂ ಬೆಲ್ಟಿನಿಂದ ಬಿಗಿಯುವ ಸೀಟುಗಳು ಸಿಗುತ್ತವೆ, ಆದರೆ ಬೆಲ್ಟಿನಿಂದ ಬಿಗಿಯುವಾಗ ತಪ್ಪುವ ಸಾಧ್ಯತೆ ಹೆಚ್ಚು. ನಿಮ್ಮ ಮಗನ ಸೀಟು ಹಿಂದಕ್ಕೆ ಮುಖಮಾಡಿರಬೇಕಾದದ್ದು. ಅಂಥ ಸೀಟು ಉದ್ದಕ್ಕೆ ಬಹಳ ಜಾಗ ತಿನ್ನುತ್ತದೆ. ಅದನ್ನು ಕಟ್ಟಿದ ಮೇಲೆ ಅದರ ಮುಂದಿನ ಸೀಟಿನಲ್ಲಿ ದೊಡ್ಡವರು ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗದಂತೆ ಕೂರಬಹುದೇ ಎಂಬುದನ್ನು ಕೂತೇ ನೋಡಬೇಕು, ಅಳತೆಯ ಪಟ್ಟಿ ಓದಿದರೆ ತಿಳಿಯುವುದಿಲ್ಲ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಈ ಸೀಟನ್ನು ಎಂದಿಗೂ ಇಡಕೂಡದು; ಉಬ್ಬುವ ಚೀಲ ಸೀಟಿನ ಬೆನ್ನಿಗೆ ಬಡಿದರೆ ಮಗುವಿನ ಪ್ರಾಣಕ್ಕೇ ಅಪಾಯ.

ಏರ್‌ಬ್ಯಾಗ್ ದೀಪವನ್ನೂ ಗಮನಿಸಿ. ಕೀಲಿ ತಿರುಗಿಸಿದಾಗ ಅದು ಹೊತ್ತಿ, ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ದೋಷವಿದೆ, ಹೊತ್ತಿಕೊಳ್ಳುವುದೇ ಇಲ್ಲವಾದರೆ ದೋಷವನ್ನು ಮರೆಮಾಡಲು ದೀಪವನ್ನೇ ಕಳಚಿರಬಹುದು. ಸೀಟ್ ಬೆಲ್ಟುಗಳನ್ನು ಪೂರ್ತಿ ಹೊರಗೆಳೆದು ನೋಡಿ. ಬುಡದಲ್ಲಿ ಒಣಗಿದ ಕೆಸರಿನ ಗೆರೆ ಇದ್ದರೆ, ಸೀಟಿನ ಕೆಳಗಿನ ಹಳಿಗಳೂ ತುಕ್ಕು ಹಿಡಿದಿದ್ದರೆ, ಆ ಕಾರು ನೆರೆಯಲ್ಲಿ ಮುಳುಗಿತ್ತೆಂದು ತಿಳಿದು ಅಲ್ಲಿಂದ ಹೊರಡಿ.

ಕೊನೆಯದಾಗಿ ಹಣದ ಮಾತು. ಕೈಯಲ್ಲಿರುವುದನ್ನೆಲ್ಲ ಕಾರಿನ ಬೆಲೆಗೇ ಸುರಿಯಬೇಡಿ. ಆರರಲ್ಲಿ ಒಂದು ಪಾಲನ್ನಾದರೂ ಮೊದಲ ವರ್ಷದ ರಿಪೇರಿಗೆಂದು ಎತ್ತಿಡಿ. ಎಣ್ಣೆ, ಫಿಲ್ಟರುಗಳು, ಬ್ರೇಕ್ ದ್ರವ, ಬ್ಯಾಟರಿ, ಬಹುಶಃ ಎರಡು ಟೈರು, ಇವಿಷ್ಟು ಬಂದೇ ಬರುತ್ತವೆ. ಹಾಗೆ ಎತ್ತಿಟ್ಟ ಮೇಲೆ ಈ ಕಾರು ಕೈಗೆಟಕದೆ ಹೋದರೆ, ಇದಕ್ಕಿಂತ ಕಡಿಮೆ ಬೆಲೆಯ, ಇಷ್ಟೇ ಚೊಕ್ಕದಾದ ಇನ್ನೊಂದನ್ನು ಹುಡುಕಬೇಕೇ ಹೊರತು ಆ ಪಾಲಿಗೆ ಕೈಹಾಕಬಾರದು.

ಪ್ರಶ್ನೆ: ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ಯುವುದು ಅಗತ್ಯವೇ? ಕೈಯಲ್ಲಿ ಹಿಡಿಯುವ ಚಿಕ್ಕ ಸ್ಕ್ಯಾನರ್ ಸಾಕೆಂದು ಗೆಳೆಯರು ಹೇಳುತ್ತಾರೆ.

ಉತ್ತರ: ಎರಡೂ ಬೇಕು. ಸ್ಕ್ಯಾನರ್ ಚುಚ್ಚುವ ಹದಿನಾರು ಪಿನ್ನಿನ ಕಿಂಡಿ ಸ್ಟಿಯರಿಂಗಿನ ಕೆಳಗೆ ಇರುತ್ತದೆ. ಅದು ದೋಷದ ಸಂಕೇತಗಳನ್ನು ತೋರಿಸುತ್ತದೆ, ಆದರೆ ಮಾರುವವರು ಅವನ್ನು ಅರ್ಧ ಗಂಟೆ ಮೊದಲು ಅಳಿಸಿರಬಹುದು. ಆದ್ದರಿಂದ ಸಂಕೇತಗಳಿಲ್ಲ ಎಂದಾಕ್ಷಣ ಸಮಾಧಾನಪಡದೆ, ಕಾರಿನ ಕಂಪ್ಯೂಟರ್ ತನ್ನ ಸ್ವಯಂ ತಪಾಸಣೆಗಳನ್ನು ಮುಗಿಸಿದೆಯೇ ಎಂಬುದನ್ನು ಅದೇ ಸ್ಕ್ಯಾನರಿನಲ್ಲಿ ನೋಡಿ. ಅಳಿಸಿದ ಮೇಲೆ ಆ ತಪಾಸಣೆಗಳು ಮತ್ತೆ ಪೂರ್ಣಗೊಳ್ಳಲು ಕೆಲವು ದಿನಗಳ ಓಡಾಟ ಬೇಕಾಗುತ್ತದೆ. ಹಲವು ತಪಾಸಣೆಗಳು ಅಪೂರ್ಣವಾಗಿದ್ದರೆ ಇತ್ತೀಚೆಗೆ ಬ್ಯಾಟರಿ ಕಳಚಿದ್ದಾರೆ, ಇಲ್ಲವೇ ಏನನ್ನೋ ಅಳಿಸಿದ್ದಾರೆ. ಒಂದು ವಾರ ಬಿಟ್ಟು ಮತ್ತೆ ನೋಡುತ್ತೇನೆ ಎನ್ನಿ. ತುಕ್ಕು, ಎಣ್ಣೆ ಸೋರಿಕೆ, ಅಪಘಾತದ ನಂತರ ಬೆಸೆದ ಚಾಸಿ ಎಂಬ ಕಾರಿನ ಚೌಕಟ್ಟು, ಇವ್ಯಾವುವೂ ಸ್ಕ್ಯಾನರಿಗೆ ಕಾಣುವುದಿಲ್ಲ; ಅದಕ್ಕೆ ಕಾರನ್ನು ಮೇಲೆತ್ತಿ ನೋಡುವ ಕಣ್ಣೇ ಬೇಕು. ಆ ಕಣ್ಣು ಮಾರುವವರ ಪರಿಚಯದ್ದಾಗಿರಬಾರದು.

ಪ್ರಶ್ನೆ: ನನ್ನ ಪತ್ನಿಗೆ ಕ್ಲಚ್ ಒಗ್ಗುವುದಿಲ್ಲ. ಹಳೆಯ ಆಟೋಮ್ಯಾಟಿಕ್ ಕಾರು ಬಿಳಿಯಾನೆಯೇ?

ಉತ್ತರ: ಎಲ್ಲ ಆಟೋಮ್ಯಾಟಿಕ್‌ಗಳೂ ಒಂದೇ ಅಲ್ಲ. ಎಎಂಟಿ ಎಂದರೆ ಮಾಮೂಲು ಗೇರ್‌ಬಾಕ್ಸಿಗೇ ಕ್ಲಚ್ ಒತ್ತಿ ಗೇರ್ ಬದಲಿಸುವ ಯಂತ್ರವನ್ನು ಜೋಡಿಸಿದ್ದು. ಓಡಿಸುವಾಗ ಸ್ವಲ್ಪ ತೂಗಾಡಿದಂತೆ ಆಗುತ್ತದೆ, ರಿಪೇರಿ ಮಾತ್ರ ತುಲನೆಯಲ್ಲಿ ಹಗುರ. ಕ್ಲಚ್ಚಿನ ಬದಲು ದ್ರವದ ಮೂಲಕ ಎಂಜಿನ್ನಿನ ಬಲವನ್ನು ದಾಟಿಸುವ ಟಾರ್ಕ್ ಕನ್ವರ್ಟರ್ ಹಳೆಯ, ಬಾಳಿಕೆಯ ಬಗೆ. ಮೈಲೇಜ್ ಕೊಂಚ ಕಡಿಮೆ. ಬಿಡಿ ಗೇರುಗಳಿಲ್ಲದೆ ಅನುಪಾತವನ್ನು ಎಡೆಬಿಡದೆ ಬದಲಿಸುವ ಸಿವಿಟಿ ನಯವಾಗಿ ಓಡುತ್ತದೆ, ಆದರೆ ಅದರ ದ್ರವವನ್ನು ಸಕಾಲದಲ್ಲಿ ಬದಲಿಸಿರುವ ದಾಖಲೆ ಇಲ್ಲದೆ ಕೊಳ್ಳಬಾರದು. ಎರಡು ಕ್ಲಚ್ಚಿನ ಗೇರ್‌ಬಾಕ್ಸನ್ನು, ಅದರಲ್ಲೂ ನಿಂತು ಹೊರಡುವ ದಟ್ಟಣೆಯಲ್ಲಿ ದುಡಿದದ್ದನ್ನು, ಹಣ ಕಡಿಮೆಯಿರುವ ಸಂಸಾರಕ್ಕೆ ನಾನು ಸೂಚಿಸುವುದಿಲ್ಲ. ಯಾವುದನ್ನೇ ಆದರೂ ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ, ಏರಿನಲ್ಲಿ ನಿಲ್ಲಿಸಿ ಹೊರಡಿಸಿ, ರಿವರ್ಸ್ ಹಾಕಿ ನೋಡಿ. ಹಾಕಿದ ಮೇಲೆ ಕಾರು ಯೋಚಿಸಿ ಚಲಿಸಿದರೆ ಬೇಡ.

ಪ್ರಶ್ನೆ: ಹಳೆಯ ವಿದ್ಯುತ್ ಕಾರು ಈಗ ಅಗ್ಗವಾಗಿ ಸಿಗುತ್ತಿದೆ. ಕೊಳ್ಳಬಹುದೇ?

ಉತ್ತರ: ಮನೆಯಲ್ಲೇ ಚಾರ್ಜ್ ಮಾಡುವ ಅನುಕೂಲವಿದ್ದು, ನಿತ್ಯದ ಓಡಾಟ ಮಿತವಾಗಿದ್ದರೆ ಕೊಳ್ಳಬಹುದು, ತುಂಡು ಪ್ರಯಾಣಗಳಿಂದ ಅದಕ್ಕೆ ಹಾನಿಯಿಲ್ಲ. ಬೆಲೆಯೆಲ್ಲ ಬ್ಯಾಟರಿಯಲ್ಲಿರುವುದರಿಂದ, ಹೊಸದಿದ್ದಾಗಿನ ಸಾಮರ್ಥ್ಯದಲ್ಲಿ ಈಗ ಶೇಕಡಾ ಎಷ್ಟು ಉಳಿದಿದೆ ಎಂಬ ವರದಿಯನ್ನು ಕೇಳಿ ಪಡೆಯಿರಿ. 2010ರಲ್ಲಿ ಬಂದ ಮೊದಲ ತಲೆಮಾರಿನ ನಿಸಾನ್ ಲೀಫ್ ಕಾರಿನ ಬ್ಯಾಟರಿಗೆ ದ್ರವದಿಂದ ತಂಪು ಮಾಡುವ ವ್ಯವಸ್ಥೆ ಇರಲಿಲ್ಲ, ಮತ್ತು ಸೆಕೆ ಹೆಚ್ಚಿರುವ ಕಡೆಗಳಲ್ಲಿ ಅದು ಬೇಗ ಸೊರಗಿತು. ಇಂಥ ಕಾರನ್ನು ನೋಡುವಾಗ ವಯಸ್ಸಿನ ಜೊತೆಗೆ ಅದು ಎಂಥ ಹವೆಯಲ್ಲಿ ಬಾಳಿತ್ತೆಂಬುದನ್ನೂ ವಿಚಾರಿಸಿ.